ಉಚಿತ ವಕೀಲರು ಯಾರಿಗೆ, ಯಾವ ಬಾಗಿಲಲ್ಲಿ? ಉತ್ತರ ಕನ್ನಡದವರಿಗೊಂದು ಹೋಲಿಕೆ

ನನ್ನ ಅಮ್ಮ ತವರಿನ ಅಡಿಕೆ ತೋಟದಲ್ಲಿ ತನ್ನ ಪಾಲು ಕೇಳಿ ದಾವೆ ಹೂಡಿದಾಗ, ವಕೀಲರ ಶುಲ್ಕಕ್ಕೆಂದು ಎರಡು ಬಂಗಾರದ ಬಳೆ ಮಾರಿದ್ದಳು. ವಾಯಿದೆಗೆ ಹೋಗಿ ಬರುವ ಬಸ್ಸಿನ ಖರ್ಚು, ನಕಲು ತೆಗೆಸುವ ಖರ್ಚು, ಟೈಪಿನ ಖರ್ಚು ಬೇರೆ. ಮೂರನೆಯ ವರ್ಷವೋ ನಾಲ್ಕನೆಯ ವರ್ಷವೋ, ನ್ಯಾಯಾಲಯದ ಜಗಲಿಯಲ್ಲಿ ನಮ್ಮ ಪ್ರಕರಣದ ಕರೆಗಾಗಿ ಕಾಯುತ್ತ ಕುಳಿತಿದ್ದಾಗ ಎದುರಿನ ಗೋಡೆಯ ಫಲಕವನ್ನು ಓದಿದೆ. ಮಹಿಳೆಯರಿಗೆ ಉಚಿತ ಕಾನೂನು ನೆರವು, ಅದಕ್ಕೆ ಆದಾಯದ ಮಿತಿ ಇಲ್ಲ ಎಂದು ಅಲ್ಲಿ ಬರೆದಿತ್ತು. ಅಮ್ಮ ಬಳೆ ಮಾರಬೇಕಾಗಿರಲೇ ಇಲ್ಲ.

ಅಂದಿನಿಂದ ಪರಿಚಯದವರು ಯಾರಾದರೂ ಕೋರ್ಟಿನ ಮಾತೆತ್ತಿದರೆ, ನೆರವಿಗೆ ಅರ್ಜಿ ಕೊಟ್ಟಿದ್ದೀರಾ ಎಂದು ಮೊದಲು ಕೇಳುತ್ತೇನೆ. "ಅದು ಬಿಪಿಎಲ್ ಕಾರ್ಡಿನವರಿಗೆ ಅಲ್ಲವೇ?" ಎನ್ನುವುದು ಹೆಚ್ಚಿನವರ ಉತ್ತರ. ಅಲ್ಲ. ಈ ಒಂದು ತಪ್ಪು ತಿಳಿವಳಿಕೆಯಿಂದ ಎಷ್ಟು ಮಂದಿ ಸಾಲ ಮಾಡಿದ್ದಾರೆ, ಎಷ್ಟು ಮಂದಿ ನ್ಯಾಯವನ್ನೇ ಬಿಟ್ಟುಕೊಟ್ಟಿದ್ದಾರೆ ಎಂದು ನೆನೆದರೆ ಸಂಕಟವಾಗುತ್ತದೆ. ಹಾಗಾಗಿ ನಮ್ಮ ಜಿಲ್ಲೆಯವರ ಮುಂದಿರುವ ದಾರಿಗಳನ್ನು ಒಂದರ ಪಕ್ಕ ಒಂದಿಟ್ಟು, ಯಾವುದು ಯಾರಿಗೆ ಒಪ್ಪುತ್ತದೆ ಎಂದು ಬರೆಯುತ್ತಿದ್ದೇನೆ.

ಆದಾಯ ನೋಡುವ ಮೊದಲು

ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆ 1987ರದ್ದು; ಜಾರಿಗೆ ಬಂದದ್ದು 1995ರ ನವೆಂಬರ್ 9ರಂದು. ಯಾರಿಗೆ ನೆರವು ಸಿಗಬೇಕು ಎನ್ನುವುದು ಅದರ 12ನೇ ಕಲಂನಲ್ಲಿದೆ. ಆ ಪಟ್ಟಿಯಲ್ಲಿ ಆದಾಯದ ಮಾತು ಬರುವುದು ಕಟ್ಟಕಡೆಗೆ. ಅದಕ್ಕೂ ಮೊದಲು ಹೇಳಿರುವ ಯಾವ ಗುಂಪಿಗೆ ಸೇರಿದವರನ್ನೂ "ನಿಮ್ಮ ಆದಾಯ ಎಷ್ಟು?" ಎಂದು ಕೇಳುವಂತಿಲ್ಲ.

ಮೊದಲನೆಯದು ಮಹಿಳೆಯರು ಮತ್ತು ಮಕ್ಕಳು. ತದಡಿ ಬಂದರಿನಲ್ಲಿ ಬುಟ್ಟಿ ಹೊತ್ತು ಮೀನು ಮಾರುವ ಹೆಂಗಸೂ ಶಿರಸಿಯ ಕಡೆ ಐದು ಎಕರೆ ತೋಟವಿರುವ ಮನೆಯ ಸೊಸೆಯೂ ಇಲ್ಲಿ ಸಮಾನರು. ಗಂಡ ಸರ್ಕಾರಿ ನೌಕರನಾಗಿದ್ದರೂ ಕಿವಿಯಲ್ಲಿ ಬಂಗಾರದ ಓಲೆ ಇದ್ದರೂ ಕಾರ್ಡು ಎಪಿಎಲ್ ಆಗಿದ್ದರೂ ಅರ್ಹತೆ ಹೋಗುವುದಿಲ್ಲ. ಇದು ಸರಿಯೇ ಎಂದು ಕೆಲವರು ನನ್ನೊಡನೆ ವಾದಿಸುತ್ತಾರೆ. ಮನೆಯ ಹಣ ಮನೆಯ ಹೆಣ್ಣಿನ ಕೈಯಲ್ಲಿ ಎಷ್ಟಿರುತ್ತದೆ ಎಂದು ನೋಡಿದವರಿಗೆ ಇದು ಎಷ್ಟು ಸರಿ ಎಂದು ಗೊತ್ತು. ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿಯಿಂದ ಹಿಂದೂ ಅವಿಭಕ್ತ ಕುಟುಂಬದ ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೆ ಮಗನಷ್ಟೇ ಹಕ್ಕಿದೆ. ಆದರೆ ಅಣ್ಣತಮ್ಮಂದಿರ ಎದುರು ನಿಂತು ಆ ಹಕ್ಕನ್ನು ಕೇಳುವ ಹೆಣ್ಣಿಗೆ ವಕೀಲರ ಶುಲ್ಕವನ್ನು ಆ ಮನೆಯಲ್ಲಿ ಯಾರು ಕೊಡುತ್ತಾರೆ?

ಎರಡನೆಯದು ಪರಿಶಿಷ್ಟ ಜಾತಿ ಮತ್ತು ಪರಿಶಿಷ್ಟ ಪಂಗಡದವರು. ನಮ್ಮ ಜಿಲ್ಲೆಯಲ್ಲಿ ಗೊಂದಲ ಹುಟ್ಟುವುದು ಇಲ್ಲಿಯೇ. ಯಲ್ಲಾಪುರ, ಹಳಿಯಾಳ, ಮುಂಡಗೋಡದ ಸಿದ್ದಿಗಳು 2003ರಿಂದ ಪರಿಶಿಷ್ಟ ಪಂಗಡದ ಪಟ್ಟಿಯಲ್ಲಿದ್ದಾರೆ. ಹಾಗಾಗಿ ಸಿದ್ದಿ ಸಮುದಾಯದ ಗಂಡಸಿಗೆ ಜಾತಿ ಪ್ರಮಾಣಪತ್ರವೊಂದಿದ್ದರೆ ಸಾಕು. ಅಂಕೋಲಾ, ಕುಮಟಾ ಕಡೆಯ ಹಾಲಕ್ಕಿ ಒಕ್ಕಲಿಗರು ಪಟ್ಟಿಗೆ ಸೇರಿಸಿ ಎಂದು ದೀರ್ಘಕಾಲದಿಂದ ಕೇಳುತ್ತಿದ್ದಾರೆ. ಕಾಡಿನಂಚಿನ ಬದುಕು, ಬಡತನ ಇಬ್ಬರದ್ದೂ ಒಂದೇ. ಆದರೂ ಹಾಲಕ್ಕಿ ಗಂಡಸು ಜಾತಿಯ ಆಧಾರದಲ್ಲಿ ಅರ್ಜಿ ಕೊಟ್ಟರೆ ಅದು ನಿಲ್ಲುವುದಿಲ್ಲ, ಅವನು ಆದಾಯದ ಆಧಾರದಲ್ಲಿ ಕೊಡಬೇಕು. ಅವನ ಹೆಂಡತಿಗೆ ಎರಡೂ ಬೇಡ, ಆಕೆ ಮಹಿಳೆ ಎನ್ನುವುದೇ ಸಾಕು. ಜಮೀನಿನ ದಾಖಲೆ ಇಬ್ಬರ ಹೆಸರಿನಲ್ಲೂ ಇದ್ದರೆ ಆಕೆಯ ಹೆಸರಿನಲ್ಲೂ ಅರ್ಜಿ ಹೋಗಲಿ ಎಂದು ನಾನು ಹೇಳುತ್ತೇನೆ.

ಮೂರನೆಯದು ವಿಪತ್ತಿಗೆ ಸಿಕ್ಕವರು. ನೆರೆ, ಬರ, ಭೂಕಂಪ, ಕೈಗಾರಿಕಾ ದುರಂತ, ಜಾತಿ ದೌರ್ಜನ್ಯ, ಗಲಭೆ ಎಲ್ಲವನ್ನೂ ಕಾಯ್ದೆ ಹೆಸರಿಸಿದೆ. 2019ರ ಆಗಸ್ಟ್‌ನಲ್ಲಿ ಕದ್ರಾ ಅಣೆಕಟ್ಟೆಯಿಂದ ನೀರು ಬಿಟ್ಟಾಗ ಕಾಳಿ ದಂಡೆಯ ಊರುಗಳು ಮುಳುಗಿದವು. 2024ರ ಜುಲೈ 16ರಂದು ಶಿರೂರಿನಲ್ಲಿ ಗುಡ್ಡ ಕುಸಿದು ರಾಷ್ಟ್ರೀಯ ಹೆದ್ದಾರಿ 66ರ ಮೇಲೆ ಬಿತ್ತು, ಗಂಗಾವಳಿಯ ಆಚೆ ದಡದ ಉಳುವರೆಯ ಮನೆಗಳನ್ನೂ ನೀರು ಕೆಡವಿತು. ಅಂಥ ದಿನಗಳಲ್ಲಿ ಜನ ಪರಿಹಾರದ ಚೆಕ್ಕಿಗಾಗಿ ತಹಶೀಲ್ದಾರ್ ಕಚೇರಿಯ ಮುಂದೆ ಸಾಲು ನಿಲ್ಲುತ್ತಾರೆ. ಪರಿಹಾರ ತಪ್ಪಿದರೆ, ಕಡಿಮೆಯಾದರೆ, ಸತ್ತವರ ವಾರಸುದಾರರು ಯಾರು ಎಂಬ ತಕರಾರು ಎದ್ದರೆ, ಆ ಜಗಳಕ್ಕೂ ಉಚಿತ ವಕೀಲರು ಸಿಗುತ್ತಾರೆ ಎನ್ನುವುದು ಎಷ್ಟು ಮನೆಗಳಿಗೆ ತಲುಪಿರುತ್ತದೆ?

ನಾಲ್ಕನೆಯದು ಬಂಧನದಲ್ಲಿರುವವರು. ಜೈಲು ಮಾತ್ರವಲ್ಲ, ಬಾಲಮಂದಿರ, ರಕ್ಷಣಾ ಗೃಹ, ಮಾನಸಿಕ ಆಸ್ಪತ್ರೆಗೆ ಸೇರಿಸಲ್ಪಟ್ಟವರೂ ಇದರಲ್ಲಿ ಬರುತ್ತಾರೆ. ಬಂಧಿತ ಶ್ರೀಮಂತನೋ ಬಡವನೋ ಎಂದು ನೋಡುವುದಿಲ್ಲ. ಅಂಗವಿಕಲರಿಗೂ, ಮಾನವ ಸಾಗಣೆಗೆ ಅಥವಾ ಬಿಟ್ಟಿ ದುಡಿಮೆಗೆ ಸಿಕ್ಕವರಿಗೂ, ಕೈಗಾರಿಕಾ ಕಾರ್ಮಿಕರಿಗೂ ಹೀಗೆಯೇ. ದಾಂಡೇಲಿಯ ಕಾರ್ಖಾನೆಯ ಕಾರ್ಮಿಕನಿಗೆ ಈ ಕೊನೆಯ ದಾರಿ ಸ್ಪಷ್ಟವಾಗಿ ಒಪ್ಪುತ್ತದೆ. ಹೊರರಾಜ್ಯದಿಂದ ಬಂದು ಮೀನುಗಾರಿಕೆ ದೋಣಿ ಏರುವವನು ಕೈಗಾರಿಕಾ ಕಾರ್ಮಿಕನೇ ಅಲ್ಲವೇ ಎಂಬ ಚರ್ಚೆಗೆ ಇಳಿಯುವುದಕ್ಕಿಂತ ಆದಾಯದ ದಾರಿ ಹಿಡಿಯುವುದು ಜಾಣತನ.

ಆ ಆದಾಯದ ದಾರಿ ಹೀಗಿದೆ. ಮೇಲಿನ ಯಾವ ಗುಂಪಿಗೂ ಸೇರದ ಗಂಡಸಿನ ವಾರ್ಷಿಕ ಆದಾಯ ಕರ್ನಾಟಕದಲ್ಲಿ ಸದ್ಯ 3 ಲಕ್ಷ ರೂಪಾಯಿಯ ಒಳಗಿರಬೇಕು. ಸುಪ್ರೀಂ ಕೋರ್ಟಿನ ಪ್ರಕರಣಗಳಿಗೆ ಮಿತಿ 5 ಲಕ್ಷ. ನಾಡಕಚೇರಿಯ ಆದಾಯ ಪ್ರಮಾಣಪತ್ರ ಕೈಯಲ್ಲಿದ್ದರೆ ಒಳ್ಳೆಯದು. ಆದರೆ ಅದು ಇನ್ನೂ ಬಂದಿಲ್ಲವೆಂದು ಅರ್ಜಿಯನ್ನೇ ತಡೆದು ಕೂರಬೇಡಿ: ಅರ್ಜಿದಾರ ತನ್ನ ಆದಾಯದ ಬಗ್ಗೆ ಪ್ರಮಾಣ ಮಾಡಿ ಬರೆದುಕೊಟ್ಟ ಅಫಿಡವಿಟ್ ಸಾಕು, ಅದನ್ನು ನಂಬದಿರಲು ಕಾರಣವಿದ್ದರೆ ಮಾತ್ರ ಹೆಚ್ಚಿನ ವಿಚಾರಣೆ ಎಂದು 13ನೇ ಕಲಂ ಹೇಳುತ್ತದೆ. ಸುಳ್ಳು ಬರೆದುಕೊಟ್ಟರೆ ನೆರವನ್ನು ನಡುವೆಯೇ ಹಿಂತೆಗೆದುಕೊಳ್ಳುತ್ತಾರೆ, ಅದೂ ನೆನಪಿರಲಿ.

ಗುಂಪು ಯಾವುದೇ ಆಗಿರಲಿ, ಪ್ರಕರಣದಲ್ಲಿ ಮೇಲ್ನೋಟಕ್ಕಾದರೂ ಹುರುಳಿದೆ ಎಂದು ನೆರವು ಕೊಡುವ ಕಾನೂನು ಸೇವಾ ಪ್ರಾಧಿಕಾರಕ್ಕೆ ಅನಿಸಬೇಕು. ನೆರೆಮನೆಯವರನ್ನು ಕಾಡಿಸಲೆಂದೇ ಹೂಡುವ ದಾವೆಗೆ ಸರ್ಕಾರದ ಹಣ ಸಿಗುವುದಿಲ್ಲ.

ಪ್ರಾಧಿಕಾರದ ವಕೀಲರೋ, ಹಣ ಕೊಟ್ಟು ಹಿಡಿಯುವ ವಕೀಲರೋ

ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಇರುವುದು ಕಾರವಾರದಲ್ಲಿ. ಅದಕ್ಕೆ ಜಿಲ್ಲಾ ನ್ಯಾಯಾಧೀಶರೇ ಅಧ್ಯಕ್ಷರು. ತಾಲ್ಲೂಕಿನ ನ್ಯಾಯಾಲಯಗಳಲ್ಲಿ ತಾಲ್ಲೂಕು ಕಾನೂನು ಸೇವಾ ಸಮಿತಿಗಳಿವೆ. ಶಿರಸಿಯವರು ಘಟ್ಟ ಇಳಿದು ಕಾರವಾರಕ್ಕೆ ಹೋಗಬೇಕಾಗಿಲ್ಲ, ಭಟ್ಕಳದವರು ಹೆದ್ದಾರಿ ಹಿಡಿದು ಇಡೀ ಕರಾವಳಿ ದಾಟಬೇಕಾಗಿಲ್ಲ. ತಮ್ಮ ನ್ಯಾಯಾಲಯದ ಆವರಣದಲ್ಲೇ ಕೇಳಿದರೆ ಸಾಕು. ಹೈಕೋರ್ಟಿಗೆ ಹೋಗಬೇಕಾದರೆ ನಮ್ಮ ಜಿಲ್ಲೆಗೆ ಧಾರವಾಡ ಪೀಠ, ಅಲ್ಲಿಯೂ ನೆರವಿಗೆ ಸಮಿತಿಯಿದೆ.

ಹಣದ ಲೆಕ್ಕದಲ್ಲಿ ಹೋಲಿಕೆಯೇ ಇಲ್ಲ. ನೆರವು ಮಂಜೂರಾದರೆ ವಕೀಲರ ಶುಲ್ಕದ ಜೊತೆಗೆ ನ್ಯಾಯಾಲಯ ಶುಲ್ಕ, ಕಾಗದಪತ್ರ ಸಿದ್ಧಪಡಿಸುವ ಖರ್ಚು, ಪ್ರಮಾಣಿತ ನಕಲುಗಳ ಖರ್ಚು, ಭಾಷಾಂತರದ ಖರ್ಚು ಎಲ್ಲವೂ ಪ್ರಾಧಿಕಾರದ್ದು. ನೇಮಕವಾದ ವಕೀಲರು ಕಕ್ಷಿದಾರರಿಂದ ಒಂದು ರೂಪಾಯಿಯನ್ನೂ ಪಡೆಯುವಂತಿಲ್ಲ. "ಸ್ವಲ್ಪ ಖರ್ಚಿಗೆ ಕೊಡಿ" ಎಂದು ಯಾರಾದರೂ ಕೇಳಿದರೆ ಕೊಡಬೇಡಿ. ಸಮಿತಿಯ ಕಾರ್ಯದರ್ಶಿಗೆ ಬರೆದು ತಿಳಿಸಿ.

ಗುಣದ ಮಾತು ಬಂದಾಗ ಜನ ಹಿಂಜರಿಯುತ್ತಾರೆ. ಉಚಿತವಾಗಿ ಬಂದ ವಕೀಲರು ಆಸ್ಥೆಯಿಂದ ವಾದಿಸುತ್ತಾರೆಯೇ ಎಂಬ ಅನುಮಾನ ಸಹಜ. ನಾನು ಕಂಡ ಮಟ್ಟಿಗೆ, ಸಣ್ಣ ಊರುಗಳಲ್ಲಿ ಪ್ರಾಧಿಕಾರದ ಪಟ್ಟಿಯಲ್ಲಿರುವವರೂ ಹಣ ಪಡೆದು ವಾದಿಸುವವರೂ ಒಂದೇ ವಕೀಲರ ಸಂಘದವರು. ಬೆಳಿಗ್ಗೆ ಒಬ್ಬರ ಕಡೆಯಿಂದ ಶುಲ್ಕ ಪಡೆದು ನಿಂತವರೇ ಮಧ್ಯಾಹ್ನ ಪ್ರಾಧಿಕಾರದ ಕಡೆಯಿಂದ ನಿಂತಿರುತ್ತಾರೆ. ಪಟ್ಟಿಯಲ್ಲಿ ನಿಮಗೆ ನಂಬಿಕೆಯಿರುವ ವಕೀಲರಿದ್ದರೆ ಅವರ ಹೆಸರನ್ನು ಅರ್ಜಿಯಲ್ಲೇ ಬರೆಯಬಹುದು, ಸಾಧ್ಯವಾದರೆ ಅವರನ್ನೇ ಕೊಡುತ್ತಾರೆ. ನೇಮಕವಾದವರು ವಾಯಿದೆಗೆ ಬಾರದಿದ್ದರೆ, ಮಾತಿಗೇ ಸಿಗದಿದ್ದರೆ, ಬದಲಾಯಿಸಿ ಎಂದು ಕೇಳಬಹುದು. ಎದುರು ಪಕ್ಷದವರೊಡನೆ ನೆಂಟಸ್ತಿಕೆಯಿರುವ ವಕೀಲರು ಬಂದರೆ ಮೊದಲ ದಿನವೇ ಹೇಳಿ. ನಮ್ಮ ಕಡೆ ಇದು ಅಪರೂಪವಲ್ಲ. ಹೇಳಲು ಸಂಕೋಚ ಬೇಡ.

ಹಣ ಕೊಟ್ಟೇ ವಕೀಲರನ್ನು ಹಿಡಿಯಬೇಕಾದ ಸಂದರ್ಭವೂ ಇದೆ. ಅರ್ಹತೆಯ ಯಾವ ಗುಂಪಿಗೂ ಸೇರದಿದ್ದರೆ ಬೇರೆ ದಾರಿಯಿಲ್ಲ. ಹಲವು ವರ್ಷಗಳಿಂದ ನಿಮ್ಮ ಮನೆಯ ಜಮೀನಿನ ಕಾಗದಗಳನ್ನೆಲ್ಲ ಬಲ್ಲ ವಕೀಲರಿದ್ದರೆ, ಶಕ್ತಿಯಿದ್ದವರು ಅವರನ್ನೇ ಮುಂದುವರಿಸುವುದರಲ್ಲಿ ಅರ್ಥವಿದೆ. ಆದರೆ ಒಂದು ಕಾಲು ಇಲ್ಲಿ ಒಂದು ಕಾಲು ಅಲ್ಲಿ ಇಡಬೇಡಿ. ನೆರವು ಪಡೆಯುತ್ತಿರುವಾಗ ಹಿಂದಿನಿಂದ ಮತ್ತೊಬ್ಬ ವಕೀಲರಿಗೆ ವಕಾಲತ್ತು ಕೊಟ್ಟರೆ ನೆರವು ನಿಲ್ಲುತ್ತದೆ.

ಕ್ರಿಮಿನಲ್ ಪ್ರಕರಣದ ಆರೋಪಿಗಳಿಗೆ ಈಚೆಗೆ ಮತ್ತೊಂದು ವ್ಯವಸ್ಥೆ ಬಂದಿದೆ. ರಾಷ್ಟ್ರೀಯ ಕಾನೂನು ಸೇವಾ ಪ್ರಾಧಿಕಾರದ 2022ರ ಯೋಜನೆಯ ಪ್ರಕಾರ ಪೂರ್ಣಾವಧಿಯ ಕಾನೂನು ನೆರವು ಅಭಿರಕ್ಷಕರು ಕೆಲಸ ಮಾಡುತ್ತಾರೆ. ಅವರು ಖಾಸಗಿ ಪ್ರಕರಣ ನಡೆಸುವುದಿಲ್ಲ, ಆರೋಪಿಯ ಪರವಾಗಿ ನಿಲ್ಲುವುದೇ ಅವರ ಕೆಲಸ. ರಾತ್ರಿ ಠಾಣೆಗೆ ಕರೆದೊಯ್ದ ಹುಡುಗನ ತಂದೆ ಮೊದಲು ಹುಡುಕಬೇಕಾದದ್ದು ಇವರನ್ನು. ನೊಂದವರ ಕಡೆಯಿಂದ ನೆರವು ಬೇಕಿದ್ದರೆ ಇವರಲ್ಲ, ಪಟ್ಟಿಯ ಬೇರೆ ವಕೀಲರು.

ವಕೀಲರೇ ಬೇಡದ ಬಾಗಿಲುಗಳು

ಎಲ್ಲ ಕಷ್ಟಕ್ಕೂ ದಾವೆಯೇ ಮದ್ದು ಎಂದು ನಾವು ಅಂದುಕೊಂಡುಬಿಟ್ಟಿದ್ದೇವೆ. ಕೆಲವು ಕಡೆ ವಕೀಲರಿಲ್ಲದೆ ಬೇಗ ಕೆಲಸವಾಗುತ್ತದೆ.

ಮಕ್ಕಳು ನೋಡಿಕೊಳ್ಳದ ತಂದೆತಾಯಂದಿರ ವಿಷಯ ತೆಗೆದುಕೊಳ್ಳಿ. ಘಟ್ಟದ ಮೇಲಿನ ದೊಡ್ಡ ಮನೆಗಳಲ್ಲಿ ಈಗ ಇಬ್ಬರೇ ಮುದುಕರು. ಮಕ್ಕಳು ಬೆಂಗಳೂರಿನಲ್ಲೋ ಹೊರದೇಶದಲ್ಲೋ ಇರುತ್ತಾರೆ. ಹಲವರು ಒಳ್ಳೆಯವರು, ಕೆಲವರು ತೋಟವನ್ನು ತಮ್ಮ ಹೆಸರಿಗೆ ಬರೆಸಿಕೊಂಡ ಮೇಲೆ ಫೋನನ್ನೂ ಎತ್ತದವರು. ಅಂಥ ತಂದೆತಾಯಂದಿರಿಗೆ 2007ರ ಪೋಷಕರ ಮತ್ತು ಹಿರಿಯ ನಾಗರಿಕರ ಪಾಲನೆ ಹಾಗೂ ಕಲ್ಯಾಣ ಕಾಯ್ದೆಯಡಿ ಉಪವಿಭಾಗಾಧಿಕಾರಿಯ ಮುಂದೆ ಅರ್ಜಿ ಕೊಡುವ ಅವಕಾಶವಿದೆ. ಕಾರವಾರ, ಕುಮಟಾ, ಭಟ್ಕಳ, ಶಿರಸಿ ಈ ನಾಲ್ಕೂ ಕಡೆ ಉಪವಿಭಾಗಾಧಿಕಾರಿಗಳ ಕಚೇರಿಯಿದೆ. ಬಿಳಿ ಹಾಳೆಯ ಮೇಲೆ ಕನ್ನಡದಲ್ಲಿ ಬರೆದುಕೊಟ್ಟರೆ ನಡೆಯುತ್ತದೆ. ವಕೀಲರಿಲ್ಲದೆ ನಡೆಯಲೆಂದೇ ಕಾಯ್ದೆಯನ್ನು ಹಾಗೆ ರೂಪಿಸಿದ್ದಾರೆ. ತಿಂಗಳಿಗೆ ಗರಿಷ್ಠ 10,000 ರೂಪಾಯಿವರೆಗೆ ಜೀವನಾಂಶ ಆದೇಶಿಸಬಹುದು, ನೋಟಿಸು ತಲುಪಿದ 90 ದಿನಗಳೊಳಗೆ ತೀರ್ಮಾನವಾಗಬೇಕು. ನೋಡಿಕೊಳ್ಳುತ್ತೇನೆಂದು ಬರೆಸಿಕೊಂಡ ದಾನಪತ್ರವನ್ನು ರದ್ದುಪಡಿಸಲು 23ನೇ ಕಲಂ ಇದೆ. ದಾನಪತ್ರದಲ್ಲಿ ನೋಡಿಕೊಳ್ಳುವ ಷರತ್ತನ್ನು ಸ್ಪಷ್ಟವಾಗಿ ಬರೆಸಿದ್ದರೆ ಈ ದಾರಿ ಸುಲಭ, ಬರೆಸದಿದ್ದರೆ ಕಷ್ಟ. ಇದನ್ನು ಓದುತ್ತಿರುವವರಲ್ಲಿ ಯಾರಾದರೂ ತೋಟವನ್ನು ಮಕ್ಕಳಿಗೆ ದಾನ ಬರೆಯುವ ಯೋಚನೆಯಲ್ಲಿದ್ದರೆ, ಆ ಒಂದು ಸಾಲು ಬಿಡಬೇಡಿ ಎಂದು ಕೈಮುಗಿದು ಕೇಳುತ್ತೇನೆ.

ಅಂಗಡಿಯವರು, ವಿಮಾ ಕಂಪನಿ, ಬ್ಯಾಂಕು ಮೋಸ ಮಾಡಿದರೆ ಕಾರವಾರದಲ್ಲಿ ಜಿಲ್ಲಾ ಗ್ರಾಹಕ ವ್ಯಾಜ್ಯಗಳ ಪರಿಹಾರ ಆಯೋಗವಿದೆ. ನೀವು ಕೊಟ್ಟ ಬೆಲೆ 5 ಲಕ್ಷದವರೆಗಿದ್ದರೆ ಶುಲ್ಕವೇ ಇಲ್ಲ, ನೀವೇ ವಾದಿಸಬಹುದು, ಅರ್ಹತೆಯ ಪ್ರಶ್ನೆಯೂ ಇಲ್ಲ. ತೊಂದರೆಯಾದ ದಿನದಿಂದ ಎರಡು ವರ್ಷದೊಳಗೆ ದೂರು ಕೊಡಬೇಕು. ಮೊದಲು ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ನೋಡಿ, ಎಷ್ಟೋ ಸಲ ಅಷ್ಟರಲ್ಲೇ ಮುಗಿಯುತ್ತದೆ.

ಅರಣ್ಯ ಭೂಮಿಯ ವಿಷಯ ಬೇರೆ ತರಹದ್ದು. ಜಿಲ್ಲೆಯ ನೆಲದ ಸುಮಾರು ಶೇಕಡಾ 80 ಅರಣ್ಯವಾಗಿರುವಾಗ ಅತಿಕ್ರಮಣದ ಮಾತು ಬಾರದ ಹಳ್ಳಿಯೇ ಕಡಿಮೆ. 2006ರ ಅರಣ್ಯ ಹಕ್ಕು ಕಾಯ್ದೆಯ ಅರ್ಜಿ ಹೋಗಬೇಕಾದದ್ದು ಗ್ರಾಮಸಭೆಗೆ ಮತ್ತು ಅರಣ್ಯ ಹಕ್ಕು ಸಮಿತಿಗೆ. ನಂತರ ಉಪವಿಭಾಗ ಮಟ್ಟದ ಸಮಿತಿ, ಆಮೇಲೆ ಜಿಲ್ಲಾಧಿಕಾರಿ ಅಧ್ಯಕ್ಷತೆಯ ಸಮಿತಿ. ಇದಕ್ಕೆ ವಕೀಲರೂ ಬೇಡ, ಶುಲ್ಕವೂ ಇಲ್ಲ. ಬುಡಕಟ್ಟಿಗೆ ಸೇರದವರು 2005ರ ಡಿಸೆಂಬರ್ 13ಕ್ಕಿಂತ ಹಿಂದಿನ ಮೂರು ತಲೆಮಾರಿನ, ಅಂದರೆ 75 ವರ್ಷದ, ವಾಸವನ್ನು ತೋರಿಸಬೇಕಾಗಿರುವುದರಿಂದ ಇಲ್ಲಿಯೇ ಹೆಚ್ಚಿನವರು ಸೋಲುತ್ತಾರೆ. ತಿರಸ್ಕಾರವಾದರೆ ಮೇಲಿನ ಸಮಿತಿಗೆ ಹೋಗಲು 60 ದಿನ. ಅರ್ಜಿ ಇತ್ಯರ್ಥವಾಗುವವರೆಗೆ ಒಕ್ಕಲೆಬ್ಬಿಸುವಂತಿಲ್ಲ ಎಂದು ಅದೇ ಕಾಯ್ದೆಯ 4ನೇ ಕಲಂ ಹೇಳುತ್ತದೆ. ಆದರೆ ಕರ್ನಾಟಕ ಅರಣ್ಯ ಕಾಯ್ದೆಯ 64ಎ ಕಲಂನಡಿ ಒಕ್ಕಲೆಬ್ಬಿಸುವ ನೋಟಿಸು ಮನೆಗೆ ಬಂದಿದ್ದರೆ ಅದು ಅರಣ್ಯ ಹಕ್ಕು ಸಮಿತಿಯ ಮಾತಲ್ಲ. ಆ ದಿನವೇ ಕಾನೂನು ಸೇವಾ ಸಮಿತಿಗೆ ಹೋಗಿ ವಕೀಲರನ್ನು ಕೇಳಿ.

ಮನೆಯೊಳಗೆ ಹೊಡೆತ ಬಿದ್ದಾಗ

ಇಲ್ಲಿ ಹೋಲಿಕೆ ಮಾಡುತ್ತ ಕೂರುವ ಸಮಯವಿಲ್ಲ. ತುರ್ತು ಸಂಖ್ಯೆ 112 ಅಥವಾ ಮಹಿಳಾ ಸಹಾಯವಾಣಿ 181ಕ್ಕೆ ಕರೆ ಮಾಡಿ. ಸಖಿ ಒನ್ ಸ್ಟಾಪ್ ಕೇಂದ್ರದಲ್ಲಿ ಚಿಕಿತ್ಸೆ, ಪೊಲೀಸರ ನೆರವು, ಆಪ್ತಸಮಾಲೋಚನೆ, ಕೆಲವು ದಿನಗಳ ಆಸರೆ, ಕಾನೂನು ಸಲಹೆ ಒಂದೇ ಸೂರಿನಡಿ ಸಿಗುತ್ತದೆ. ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿಯೇ ಕೌಟುಂಬಿಕ ದೌರ್ಜನ್ಯ ಕಾಯ್ದೆಯ ಸಂರಕ್ಷಣಾಧಿಕಾರಿ. ಅವರು ಘಟನೆಯ ವರದಿ ಬರೆದು ನ್ಯಾಯಾಲಯಕ್ಕೆ ಕಳುಹಿಸುತ್ತಾರೆ. ಅದೇ ಮನೆಯಲ್ಲಿ ವಾಸಿಸುವ ಹಕ್ಕು, ಜೀವನಾಂಶ, ರಕ್ಷಣಾ ಆದೇಶ ಎಲ್ಲವನ್ನೂ ಅಲ್ಲಿ ಕೇಳಬಹುದು. ನ್ಯಾಯಾಲಯದ ಹಂತ ಬಂದಾಗ ಪ್ರಾಧಿಕಾರದ ವಕೀಲರು. ಎರಡು ಬಾಗಿಲನ್ನೂ ತಟ್ಟಿ, ಒಂದು ಇನ್ನೊಂದಕ್ಕೆ ಅಡ್ಡಿಯಲ್ಲ.

ರಾಜಿ ಒಳ್ಳೆಯದೇ, ಆದರೆ

ರಾಜಿಯಲ್ಲಿ ಪ್ರಕರಣ ಮುಗಿಸುವ ಲೋಕ ಅದಾಲತ್ತಿಗೆ ಯಾವ ಅರ್ಹತೆಯೂ ಬೇಕಿಲ್ಲ. ಕೋಟ್ಯಧಿಪತಿಯೂ ಬರಬಹುದು. ದಾವೆ ಹೂಡುವ ಮೊದಲೂ ಬರಬಹುದು, ನಡೆಯುತ್ತಿರುವ ದಾವೆಯನ್ನೂ ಅಲ್ಲಿ ಮುಗಿಸಬಹುದು. ಮುಗಿದರೆ ಕಟ್ಟಿದ ನ್ಯಾಯಾಲಯ ಶುಲ್ಕ ವಾಪಸು ಬರುತ್ತದೆ. ಚೆಕ್ ಅಮಾನ್ಯ, ಬ್ಯಾಂಕ್ ಸಾಲ, ಅಪಘಾತ ಪರಿಹಾರ, ಅಣ್ಣತಮ್ಮಂದಿರ ಪಾಲು ಇವಕ್ಕೆಲ್ಲ ಇದು ಒಳ್ಳೆಯ ಜಾಗ.

ಒಂದು ವಿಷಯ ಮಾತ್ರ ಗಟ್ಟಿಯಾಗಿ ಹೇಳಬೇಕು. ಅಲ್ಲಿ ಆದ ರಾಜಿ ಸಿವಿಲ್ ನ್ಯಾಯಾಲಯದ ಡಿಕ್ರಿಗೆ ಸಮ, ಅದರ ಮೇಲೆ ಮೇಲ್ಮನವಿಯಿಲ್ಲ. ಹಿರಿಯರ ಮುಖ ನೋಡಿ, ದಾಕ್ಷಿಣ್ಯಕ್ಕೆ ಬಿದ್ದು, ಅಕ್ಕತಂಗಿಯರು ತಮ್ಮ ಪಾಲನ್ನು ಚೂರುಪಾರಿಗೆ ಬಿಟ್ಟು ಸಹಿ ಹಾಕುವುದನ್ನು ಕಂಡಿದ್ದೇನೆ. ಸಹಿಗೆ ಮೊದಲು ಕರಡನ್ನು ಕನ್ನಡದಲ್ಲಿ ಓದಿಸಿ ಕೇಳಿ. ಒಪ್ಪಿಗೆಯಿಲ್ಲದಿದ್ದರೆ ಇಲ್ಲ ಎನ್ನಿ. ಪ್ರಕರಣ ಮೊದಲಿನ ನ್ಯಾಯಾಲಯಕ್ಕೆ ಹಿಂದಿರುಗುತ್ತದೆ, ನಿಮಗೆ ಯಾವ ನಷ್ಟವೂ ಇಲ್ಲ.

ಅರ್ಜಿ ಕೊಡುವಾಗ

ಆಧಾರ್, ಪಡಿತರ ಚೀಟಿ, ನಿಮ್ಮ ಗುಂಪನ್ನು ತೋರಿಸುವ ಒಂದು ಕಾಗದ, ಪ್ರಕರಣದ ಕಾಗದಗಳು: ಪಹಣಿ, ಎಫ್‌ಐಆರ್ ಪ್ರತಿ, ನೋಟಿಸು, ಏನಿದೆಯೋ ಅದು. ಬರೆಯಲು ಬಾರದವರು ಬಾಯಲ್ಲಿ ಹೇಳಿದರೆ ಅರೆಕಾನೂನು ಸ್ವಯಂಸೇವಕರು ಬರೆದುಕೊಳ್ಳುತ್ತಾರೆ. ಗೋವಾದಲ್ಲಿ ದುಡಿಯುವ ಕಾರವಾರದವರ ಪ್ರಕರಣ ಅಲ್ಲಿಯ ನ್ಯಾಯಾಲಯದಲ್ಲಿದ್ದರೂ ಅರ್ಜಿಯನ್ನು ಇಲ್ಲಿಯೇ ಕೊಡಬಹುದು, ಅದು ಅಲ್ಲಿಗೆ ಹೋಗುತ್ತದೆ. ಅರ್ಜಿಯ ಮೇಲೆ 7 ದಿನಗಳೊಳಗೆ ತೀರ್ಮಾನವಾಗಬೇಕೆಂಬ ನಿಯಮವಿದೆ. ತಿರಸ್ಕರಿಸಿದರೆ ಅಧ್ಯಕ್ಷರಿಗೆ ಮೇಲ್ಮನವಿ ಕೊಡಬಹುದು. ಎಲ್ಲಿಂದ ಶುರುಮಾಡಬೇಕೆಂದೇ ತೋಚದಿದ್ದರೆ ಕಾನೂನು ನೆರವಿನ ಸಹಾಯವಾಣಿ 15100ಕ್ಕೆ ಕರೆ ಮಾಡಿ, ಮಾಹಿತಿ ಕೇಳಲು ಯಾವ ಅರ್ಹತೆಯೂ ಬೇಕಿಲ್ಲ.

ನೆರವಿನ ಅರ್ಜಿ ಕೊಟ್ಟಿದ್ದೇನೆಂದು ಕಾನೂನಿನ ಗಡುವು ನಿಲ್ಲುವುದಿಲ್ಲ. ಸಿವಿಲ್ ದಾವೆಯ ಸಮನ್ಸ್ ಕೈಗೆ ಬಂದ 30 ದಿನಗಳಲ್ಲಿ ಉತ್ತರ ಸಲ್ಲಿಸಬೇಕು, ನ್ಯಾಯಾಲಯ ಒಪ್ಪಿದರೆ 90 ದಿನದವರೆಗೆ ಹೋಗಬಹುದು. ಹೆದ್ದಾರಿಯ ಅಪಘಾತಗಳಿಗೆ ಪರಿಹಾರದ ಅರ್ಜಿ 6 ತಿಂಗಳೊಳಗೆ ಹಾಕಬೇಕೆಂದು ಮೋಟಾರು ವಾಹನ ಕಾಯ್ದೆಯ ತಿದ್ದುಪಡಿ 2022ರ ಏಪ್ರಿಲ್‌ನಿಂದ ಹೇಳುತ್ತಿದೆ. ಸಾವಿನ ಮನೆಯಲ್ಲಿ ಆರು ತಿಂಗಳು ಹೇಗೆ ಕಳೆಯುತ್ತದೆ ಎಂದು ತಿಳಿಯುವುದೇ ಇಲ್ಲ. ಹಾಗಾಗಿ ವರ್ಷಾಂತಿಕ ಮುಗಿಯಲಿ ಎಂದು ಕಾಯಬೇಡಿ. ಸಮನ್ಸ್ ಅಂಚೆಯಲ್ಲಿ ಬಂದಿದ್ದರೆ ಅದರ ಲಕೋಟೆಯನ್ನು ಎಸೆಯಬೇಡಿ, ಕಾಗದಗಳ ಜೊತೆಗೇ ಇಟ್ಟುಕೊಂಡು ಹೋಗಿ. ಅದು ಯಾವ ದಿನ ಕೈಗೆ ಬಂತು ಎನ್ನುವುದಕ್ಕೆ ಅದರ ಮೇಲಿನ ಅಂಚೆ ಮುದ್ರೆಯನ್ನೇ ವಕೀಲರು ಮೊದಲು ನೋಡುತ್ತಾರೆ.